ಸೋದರ ನಗರಗಳ ಸ್ನೇಹವನ್ನು ಉಳಿಸುವವರು ಯಾರು? ಕಾವೆಂಟ್ರಿ, ಡ್ರೆಸ್ಡನ್, ಮಿನ್ಸ್ಕ್ ಮತ್ತು ನಮ್ಮ ಬೆಂಗಳೂರು

ಕಾವೆಂಟ್ರಿ ಕನ್ನಡಿಗ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಬೇರೆ ಬೇರೆ ದೇಶಗಳ ಎರಡು ಊರುಗಳು ತಮ್ಮನ್ನು ಸೋದರ ನಗರಗಳೆಂದು ಘೋಷಿಸಿಕೊಂಡು, ಸರಕಾರಗಳ ನಡುವಿನ ಸಂಬಂಧ ಹೇಗೇ ಇರಲಿ, ತಮ್ಮ ತಮ್ಮ ಜನರ ನಡುವೆ ಸ್ನೇಹ ಬೆಳೆಸಿಕೊಳ್ಳುವ ಪದ್ಧತಿಯ ಬಗ್ಗೆ ಇಲ್ಲಿ ವಿವರವಾದ ಚರ್ಚೆ ನಡೆಯಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನಾನು ನೆಲೆಸಿರುವ ಇಂಗ್ಲೆಂಡಿನ ಕಾವೆಂಟ್ರಿ ಈ ಪದ್ಧತಿಯ ಇತಿಹಾಸದಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಊರು. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಯುದ್ಧವಿಮಾನಗಳು ಬೆಳಗಿನ ಜಾವದವರೆಗೂ ಇಲ್ಲಿ ಬಾಂಬು ಸುರಿದವು. 500ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮನೆಗಳು ನೆಲಸಮವಾದವು, ಮಧ್ಯಯುಗದ ಕೆಥೆಡ್ರಲ್‌ನ ಹೊರಗೋಡೆಗಳು ಮತ್ತು ಗೋಪುರ ಮಾತ್ರ ನಿಂತವು. ಆ ಪಾಳು ಗೋಡೆಗಳನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಹೊಸ ಕೆಥೆಡ್ರಲ್ ಕಟ್ಟಿದ್ದಾರೆ. ಅದು 1962ರಲ್ಲಿ ಪೂರ್ಣಗೊಂಡಿತು.

ಈ ದಾಳಿಯಾದ ಎರಡನೆಯ ವರ್ಷ ಸ್ಟಾಲಿನ್‌ಗ್ರಾಡ್ ಅದಕ್ಕಿಂತ ಭೀಕರವಾದ ನಾಶವನ್ನು ಕಂಡಿತು. ಆಗ ಕಾವೆಂಟ್ರಿಯ 830 ಮಹಿಳೆಯರು ತಲಾ ಆರು ಪೆನ್ಸ್ ಕೂಡಿಸಿ, ಒಂದು ಮೇಜುಹಾಸಿನ ಮೇಲೆ ತಮ್ಮ ತಮ್ಮ ಹೆಸರುಗಳನ್ನು ಕಸೂತಿಯಲ್ಲಿ ಮೂಡಿಸಿ, ಹಣದ ಜೊತೆಗೆ ಆ ಹಾಸನ್ನೂ ಅಲ್ಲಿನ ಜನರಿಗೆ ಕಳಿಸಿದರು. ದೊಡ್ಡ ದೊಡ್ಡ ಅನುಕಂಪದ ಮಾತಿಗಿಂತ ಸಣ್ಣ ಸಹಾಯವೇ ಮೇಲು ಎಂಬ ಅರ್ಥದ ಸಾಲೊಂದನ್ನು ಅದರಲ್ಲಿ ಹೆಣೆದಿದ್ದರು. ಆ ಹೆಸರುಗಳಲ್ಲಿ ಆಗ ನಗರದ ಮೇಯರ್ ಆಗಿದ್ದ ಎಮಿಲಿ ಸ್ಮಿತ್ ಅವರದೂ ಒಂದು. ಅದು ಈಗಲೂ ವೋಲ್ಗಾಗ್ರಾಡ್‌ನ ಯುದ್ಧ ಸಂಗ್ರಹಾಲಯದಲ್ಲಿದೆ (ಸ್ಟಾಲಿನ್‌ಗ್ರಾಡ್‌ಗೆ 1961ರಲ್ಲಿ ಬಂದ ಹೆಸರು ವೋಲ್ಗಾಗ್ರಾಡ್). 1944ರಲ್ಲಿ ಎರಡೂ ಊರುಗಳು ಅಧಿಕೃತವಾಗಿ ಸೋದರ ನಗರಗಳಾದವು. ಹೆಸರು ಹೆಣೆದವರು ಮೊದಲು, ಸಹಿ ಹಾಕಿದವರು ಆಮೇಲೆ ಎಂಬ ಈ ಕ್ರಮವನ್ನು ದಯವಿಟ್ಟು ಗಮನಿಸಿ.

ಇನ್ನೊಂದು ಸಂಬಂಧ ನನ್ನ ಮಟ್ಟಿಗೆ ಇದಕ್ಕಿಂತಲೂ ದೊಡ್ಡದು. 1945ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಡ್ರೆಸ್ಡನ್ ನಗರವನ್ನು ಸುಟ್ಟವು. ಸತ್ತವರ ಸಂಖ್ಯೆ 25,000ದವರೆಗೆ ಇದ್ದಿರಬೇಕೆಂದು ಜರ್ಮನ್ ಇತಿಹಾಸಕಾರರ ಸಮಿತಿ ನಿರ್ಣಯಿಸಿದೆ. ಯುದ್ಧದ ನಂತರ ಡ್ರೆಸ್ಡನ್ ಪೂರ್ವ ಜರ್ಮನಿಗೆ ಸೇರಿತು, ಬ್ರಿಟನ್ ಆ ದೇಶಕ್ಕೆ ರಾಜತಾಂತ್ರಿಕ ಮಾನ್ಯತೆ ಕೊಟ್ಟದ್ದು 1973ರಲ್ಲಿ. ಆದರೆ ಕಾವೆಂಟ್ರಿ ಡ್ರೆಸ್ಡನ್‌ನ ಸೋದರ ನಗರವಾದದ್ದು 1959ರಲ್ಲಿ. 1965ರಲ್ಲಿ ಕಾವೆಂಟ್ರಿ ಕೆಥೆಡ್ರಲ್‌ನ ಪ್ರೇರಣೆಯಿಂದ ಹೊರಟ ಬ್ರಿಟಿಷ್ ಯುವಕ ಯುವತಿಯರ ತಂಡವೊಂದು ಡ್ರೆಸ್ಡನ್‌ನಲ್ಲಿ ತಿಂಗಳುಗಟ್ಟಲೆ ಉಳಿದು, ಬಾಂಬಿನಿಂದ ಹಾಳಾಗಿದ್ದ ಆಸ್ಪತ್ರೆಯೊಂದನ್ನು ಕಟ್ಟುವ ಕೆಲಸಕ್ಕೆ ಕೈಹಾಕಿತು. ಎರಡು ಸರಕಾರಗಳು ಪರಸ್ಪರ ಮುಖ ನೋಡದ ಕಾಲದಲ್ಲಿ ಅವರು ಅಲ್ಲಿ ಕಲ್ಲು ಮಣ್ಣು ಹೊರುತ್ತಿದ್ದರು.

ನನ್ನ ಪ್ರಶ್ನೆ ಇಷ್ಟೇ. ಇಂಥ ಸಂಬಂಧಗಳನ್ನು ನಿಜವಾಗಿ ಹೊತ್ತುಕೊಂಡು ಹೋಗುವವರು ಯಾರು, ನಗರಸಭೆಗಳೋ ಮನೆಗಳೋ? ನಮ್ಮ ಕರ್ನಾಟಕದ ಊರುಗಳಿಗೂ ಸೋದರ ನಗರಗಳಿವೆ. ಅವುಗಳ ಮನೆ ಮನೆಗಳ ನಡುವೆ ಏನಿದೆ? ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ನೆಕರ್ ತೀರ

ನಮಸ್ಕಾರ. ಜರ್ಮನಿಯ ಸ್ಟುಟ್‌ಗಾರ್ಟ್ ಸೀಮೆಯಲ್ಲಿ ಬಹಳ ಕಾಲದಿಂದ ಇದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಇಲ್ಲಿಗೆ ಹತ್ತಿರದ ಲುಡ್ವಿಗ್ಸ್‌ಬುರ್ಗ್‌ಗಿಂತ ಒಳ್ಳೆಯ ಜಾಗ ಸಿಗಲಾರದು. 1950ರಲ್ಲಿ ಈ ಊರು ಫ್ರಾನ್ಸಿನ ಮೋಂಬೆಲಿಯಾರ್ ಜೊತೆ ಕೈಜೋಡಿಸಿತು. ಯುದ್ಧಾನಂತರದ ಮೊದಲ ಫ್ರೆಂಚ್–ಜರ್ಮನ್ ಸೋದರ ನಗರ ಸಂಬಂಧ ಇದು. ಯುದ್ಧ ಮುಗಿದು ಐದೇ ವರ್ಷ ಕಳೆದಿದ್ದವು, ಎರಡೂ ಕಡೆ ಗಂಡನನ್ನೋ ಮಗನನ್ನೋ ಕಳೆದುಕೊಳ್ಳದ ಬೀದಿ ಇರಲಿಲ್ಲ. ಆಗ ಮೋಂಬೆಲಿಯಾರ್‌ನ ಮೇಯರ್ ಆಗಿದ್ದವರು ಲೂಸಿಯೆನ್ ತರದಾಂ. ಜರ್ಮನ್ ಆಕ್ರಮಣದ ವಿರುದ್ಧ ಭೂಗತ ಹೋರಾಟ ನಡೆಸಿ, ಸಿಕ್ಕಿಬಿದ್ದು, ಬುಕೆನ್ವಾಲ್ಡ್ ಯಾತನಾ ಶಿಬಿರದಿಂದ ಜೀವಸಹಿತ ಮರಳಿದವರು ಅವರು. ಅಂಥವರೇ ಜರ್ಮನ್ ಊರಿನತ್ತ ಮೊದಲು ಕೈ ಚಾಚಿದಾಗ, ಊರಿನ ಬೇರೆಯವರು ಬೇಡವೆನ್ನುವುದು ಕಷ್ಟವಾಯಿತು. ನೋವು ತಿಂದವರೇ ಮುಂದೆ ಬಂದದ್ದು ಈ ಸಂಬಂಧಕ್ಕೆ ಸಿಕ್ಕ ದೊಡ್ಡ ಬಲವೆಂದು ನಾನು ತಿಳಿದಿದ್ದೇನೆ.

ಇಲ್ಲಿ ಇತಿಹಾಸದ ಇನ್ನೊಂದು ಎಳೆಯೂ ಇದೆ. ಮೋಂಬೆಲಿಯಾರ್ ಸುಮಾರು ನಾಲ್ಕು ಶತಮಾನಗಳ ಕಾಲ, ಫ್ರೆಂಚ್ ಕ್ರಾಂತಿಯ ದಿನಗಳವರೆಗೂ, ಜರ್ಮನಿಯ ವುರ್ಟೆಂಬರ್ಗ್ ರಾಜಮನೆತನದ ಕೈಯಲ್ಲಿತ್ತು. ಅದೇ ಮನೆತನ ಕಟ್ಟಿದ ಊರು ಲುಡ್ವಿಗ್ಸ್‌ಬುರ್ಗ್. ಹೀಗೆ ಹಳೆಯ ನೆಂಟಸ್ತನವೊಂದು ಅಲ್ಲಿ ಮೊದಲೇ ಇತ್ತು. 1962ರ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಇದೇ ಲುಡ್ವಿಗ್ಸ್‌ಬುರ್ಗ್ ಅರಮನೆಯ ಅಂಗಳದಲ್ಲಿ ನಿಂತು ಜರ್ಮನ್ ಯುವಜನರನ್ನು ಉದ್ದೇಶಿಸಿ ಜರ್ಮನ್ ಭಾಷೆಯಲ್ಲೇ ಮಾತನಾಡಿದರು. ನಾಲ್ಕು ತಿಂಗಳ ನಂತರ, 1963ರ ಜನವರಿ 22ರಂದು, ಎರಡು ದೇಶಗಳ ನಡುವೆ ಎಲಿಸೆ ಎಂಬ ಸ್ನೇಹ ಒಪ್ಪಂದವಾಯಿತು. ಅಂದರೆ ದೇಶಗಳಿಗಿಂತ ಹದಿಮೂರು ವರ್ಷ ಮೊದಲು ಊರುಗಳು ಒಂದಾಗಿದ್ದವು. ಇವತ್ತು ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಸುಮಾರು 2,200 ಇಂಥ ಜೋಡಿಗಳಿವೆ. ಒಪ್ಪಂದದಿಂದ ಹುಟ್ಟಿದ ಫ್ರೆಂಚ್–ಜರ್ಮನ್ ಯುವಜನ ಸಂಸ್ಥೆಯ ಮೂಲಕ ಈವರೆಗೆ 90 ಲಕ್ಷಕ್ಕೂ ಹೆಚ್ಚು ಯುವಕರು ವಿನಿಮಯ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ್ದಾರೆ.

ನಡೆಯುವ ರೀತಿಯನ್ನೂ ಹೇಳಬೇಕು. ಫ್ರೆಂಚ್ ಊರುಗಳಲ್ಲಿ ಇದಕ್ಕೆಂದೇ ನಾಗರಿಕರ ಸಮಿತಿ ಇರುತ್ತದೆ, ಜರ್ಮನ್ ಊರುಗಳಲ್ಲಿ ನೋಂದಾಯಿತ ಸಂಘ ಇರುತ್ತದೆ. ಸದಸ್ಯತ್ವದ ಹಣ ಕಟ್ಟುವವರು ಬೇಕರಿಯವರು, ಶಾಲಾ ಶಿಕ್ಷಕರು, ನಿವೃತ್ತ ನೌಕರರು, ಅಗ್ನಿಶಾಮಕ ದಳದ ಸ್ವಯಂಸೇವಕರು. ಬಸ್ಸಿನಲ್ಲಿ ಬಂದವರನ್ನು ಹೋಟೆಲಿಗೆ ಕಳಿಸುವುದಿಲ್ಲ, ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹಂಚುತ್ತಾರೆ. ಭಾಷೆ ಬಾರದಿದ್ದರೂ ಒಂದೇ ಮೇಜಿನ ಸುತ್ತ ಕೂತು ಉಣ್ಣಬೇಕಾಗುತ್ತದೆ. ಮರುವರ್ಷ ಅತಿಥಿಯ ಸರದಿ ಆತಿಥೇಯರದಾಗುತ್ತದೆ. ಮೇಯರ್ ಬದಲಾದರೂ ಈ ಸಂಬಂಧಗಳು ನಿಲ್ಲದಿರುವುದಕ್ಕೆ ಕಾರಣ ಇದು.

ಹುಬ್ಬಳ್ಳಿಯವ

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೂ ನಾನು ಇನ್ನೊಂದು ಮಗ್ಗಲನ್ನು ಇಡಲೇಬೇಕು. ಸ್ಥಳೀಯ ಸಂಸ್ಥೆಯೊಂದರಲ್ಲಿ ದಶಕಗಟ್ಟಲೆ ನೌಕರಿ ಮಾಡಿ ನಿವೃತ್ತನಾದವನು ನಾನು. ವಿದೇಶಿ ಊರಿನ ಜೊತೆ ಒಡಂಬಡಿಕೆ ಎಂದರೆ ಒಂದು ನಿಯೋಗ ಹೋಗುವುದು, ಒಂದು ನಿಯೋಗ ಬರುವುದು, ಶಾಲು ಹಾರ ಪೇಟ, ಒಂದು ಸ್ಮರಣಿಕೆ, ಪತ್ರಿಕೆಯಲ್ಲೊಂದು ಫೋಟೋ, ಅಲ್ಲಿಗೆ ಕಡತ ಮುಕ್ತಾಯ. ಕುಡಿಯುವ ನೀರು ವಾರಕ್ಕೊಮ್ಮೆ ಬರುವ ಬಡಾವಣೆಯ ಹೆಣ್ಣುಮಕ್ಕಳಿಗೆ ಇದರಿಂದ ಏನು ಬಂತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಇದು ನಮ್ಮಲ್ಲಿನ ದೋಷ ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲೇ ಡಾಂಕಾಸ್ಟರ್ ಪಟ್ಟಣ 2009ರಲ್ಲಿ ತನ್ನ ಸೋದರ ನಗರ ಸಂಬಂಧಗಳನ್ನು ಖರ್ಚಿನ ನೆಪದಲ್ಲಿ ಕೈಬಿಟ್ಟಿತು. ಬಿಷಪ್ಸ್ ಸ್ಟಾರ್ಟ್‌ಫರ್ಡ್ 2011ರಲ್ಲಿ ಒಂದು ಫ್ರೆಂಚ್ ಊರು ಮತ್ತು ಒಂದು ಜರ್ಮನ್ ಊರಿನ ಜೊತೆಗಿನ ದಶಕಗಳ ನಂಟನ್ನು ಕಡಿದುಕೊಂಡಿತು. ಆ ಊರುಗಳಲ್ಲಿ ಮನೆಗಳು ಇರಲಿಲ್ಲವೇ? ಮನೆಗಳೇ ಸಂಬಂಧವನ್ನು ಹೊರುತ್ತವೆ ಎನ್ನುವುದಾದರೆ ನಗರಸಭೆಯ ಒಂದು ನಿರ್ಣಯದಿಂದ ಅದು ಮುರಿದದ್ದು ಹೇಗೆ?

ಥೇಮ್ಸ್ ದಡದವಳು

ಹುಬ್ಬಳ್ಳಿಯ ಹಿರಿಯರಿಗೆ ನಮಸ್ಕಾರ. ನೀವು ಎತ್ತಿದ ಪ್ರಶ್ನೆ ನ್ಯಾಯವಾದದ್ದು, ಅದನ್ನು ತಪ್ಪಿಸಿಕೊಂಡು ಹೋಗಬಾರದು. ನಾನಿರುವ ರೆಡಿಂಗ್ ಪಟ್ಟಣದ ಕಥೆಯ ಮೂಲಕ ಉತ್ತರಿಸಲು ಪ್ರಯತ್ನಿಸುತ್ತೇನೆ. 1946–47ರಲ್ಲಿ ಇಲ್ಲಿ ಮೇಯರ್ ಆಗಿದ್ದವರು ಫೀಬಿ ಕಸ್ಡನ್ ಎಂಬ ಮಹಿಳೆ. ಯುದ್ಧದಿಂದ ಜರ್ಜರಿತವಾಗಿದ್ದ ಡುಸೆಲ್ಡಾರ್ಫ್ ನಗರಕ್ಕೆ ಹೋಗಿಬಂದ ಅವರು, ಅಲ್ಲಿನ ಆರು ಮಕ್ಕಳನ್ನು ಕೆಲವು ತಿಂಗಳು ರೆಡಿಂಗಿನ ಕುಟುಂಬಗಳೊಂದಿಗೆ ಉಳಿಯಲು 1947ರಲ್ಲಿ ಕರೆತಂದರು. ಆಗ ಬ್ರಿಟನ್ನಿನಲ್ಲಿ ಬ್ರೆಡ್ಡಿಗೂ ಪಡಿತರ ಚೀಟಿ ಬೇಕಾಗಿತ್ತು. ಯುದ್ಧ ನಡೆಯುವಾಗಲೂ ಇರದಿದ್ದ ಆ ನಿರ್ಬಂಧ 1946ರಿಂದ 1948ರವರೆಗೆ ಇತ್ತು. ನಿನ್ನೆಯವರೆಗೆ ಶತ್ರುವಾಗಿದ್ದ ದೇಶದ ಮಗುವಿಗೆ ತಮ್ಮ ಅಳತೆಯ ರೊಟ್ಟಿಯಲ್ಲಿ ಪಾಲು ಕೊಡಲು ಒಪ್ಪಿದ ಆ ಮನೆಗಳ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ. ಅದೇ ಆರು ಮಕ್ಕಳಿಂದ ಎರಡು ಊರುಗಳ ನಡುವಿನ ಗೆಳೆತನದ ಸಂಘ ಹುಟ್ಟಿತು. ಔಪಚಾರಿಕ ಸೋದರ ನಗರ ಒಪ್ಪಂದಕ್ಕೆ ಸಹಿ ಬಿದ್ದದ್ದು 1988ರಲ್ಲಿ! ನಡುವಿನ ನಾಲ್ಕು ದಶಕಗಳನ್ನು ದಾಟಿಸಿದವರು ಕಾಗದದ ಬಲವಿಲ್ಲದ ಜನ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಗರಸಭೆ ಕೈಬಿಟ್ಟಾಗ ಸತ್ತುಹೋಗುವ ಸಂಬಂಧಗಳಲ್ಲಿ ಮನೆಗಳು ಇರುವುದಿಲ್ಲವೆಂದಲ್ಲ, ಅವು ಮುದಿಯಾಗಿರುತ್ತವೆ. ಅರುವತ್ತರ ದಶಕದಲ್ಲಿ ಅತಿಥಿಗಳಿಗೆ ಕೋಣೆ ತೆರವು ಮಾಡಿಕೊಟ್ಟವರಿಗೆ ವಯಸ್ಸಾಯಿತು, ಮಕ್ಕಳು ಬೇರೆ ಊರಿಗೆ ಹೋದರು, ಶಾಲೆಗಳು ಫ್ರೆಂಚ್, ಜರ್ಮನ್ ಕಲಿಸುವುದನ್ನು ಕಡಿಮೆ ಮಾಡಿದವು. ಹಳೆಯ ಸಮಿತಿಗೆ ಹೊಸ ಸದಸ್ಯರು ಸೇರದಿರುವಾಗ ಖರ್ಚಿನ ಮಾತು ಎತ್ತಿದರೆ ಎದ್ದುನಿಂತು ವಾದಿಸುವವರೇ ಇರುವುದಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಸೋದರ ನಗರಗಳ ಭೇಟಿಗೆ ಒಕ್ಕೂಟ 1989ರಿಂದ ಕೊಡುತ್ತ ಬಂದಿದ್ದ ಅನುದಾನದ ಬಾಗಿಲು ಇಲ್ಲಿನ ಊರುಗಳಿಗೆ ಮುಚ್ಚಿತು. ಬರೀ ಗುರುತಿನ ಚೀಟಿಯ ಮೇಲೆ ಬರುತ್ತಿದ್ದ ಫ್ರೆಂಚ್ ಶಾಲಾ ಮಕ್ಕಳು ಪಾಸ್‌ಪೋರ್ಟ್ ಮಾಡಿಸಬೇಕಾಯಿತು, ಫ್ರೆಂಚ್ ನಾಗರಿಕರಲ್ಲದ ಸಹಪಾಠಿಗಳಿಗೆ ವೀಸಾ ಬೇಕಾಯಿತು. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರನ್ನು ಬಿಟ್ಟು ಯಾವ ಮೇಷ್ಟ್ರು ಪ್ರವಾಸ ಹೊರಡುತ್ತಾರೆ? 2023ರ ಕೊನೆಯಲ್ಲಿ ಫ್ರೆಂಚ್ ಶಾಲಾ ತಂಡಗಳಿಗೆ ಈ ನಿಯಮವನ್ನು ಸಡಿಲಿಸಿದರು, ಆದರೆ ಅಷ್ಟರಲ್ಲಿ ಹಲವು ಶಾಲೆಗಳು ಐರ್ಲೆಂಡಿನತ್ತ ಮುಖ ಮಾಡಿದ್ದವು. ಆದ್ದರಿಂದ ನನ್ನ ಮಾತು ಇದು: ಮನೆಗಳಿಲ್ಲದ ಸಂಬಂಧ ಹುಸಿಯಾಗುತ್ತದೆ, ನಗರಸಭೆಯ ಆಸರೆಯಿಲ್ಲದ ಸಂಬಂಧ ಒಂದು ತಲೆಮಾರಿಗೆ ಸೊರಗುತ್ತದೆ. ಹುಟ್ಟಿಸುವವರು ಜನರೇ, ಆದರೆ ಸಾಕುವುದಕ್ಕೆ ಒಂದಿಷ್ಟು ಸಾರ್ವಜನಿಕ ಹಣ ಬೇಕು.

ಕಬ್ಬನ್ ಪಾರ್ಕ್ ನಡಿಗೆ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರದ ಮಿನ್ಸ್ಕ್ ಸ್ಕ್ವೇರ್ ಎಲ್ಲರಿಗೂ ಗೊತ್ತು. ದಿನವೂ ಲಕ್ಷಾಂತರ ಜನ ಅದನ್ನು ದಾಟುತ್ತಾರೆ, ಆದರೆ ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ ಹೇಳುವವರು ವಿರಳ. ಬೆಲರೂಸ್ ದೇಶದ ರಾಜಧಾನಿ ಮಿನ್ಸ್ಕ್ 1973ರಿಂದ ಬೆಂಗಳೂರಿನ ಸೋದರ ನಗರ. ಆಗ ಅದು ಸೋವಿಯತ್ ಒಕ್ಕೂಟದಲ್ಲಿತ್ತು. ಮಿನ್ಸ್ಕ್ ನಗರದಲ್ಲಿಯೂ ನಮ್ಮ ಹೆಸರಿನ ಚೌಕವಿದೆ, ಅಲ್ಲಿನವರು ಅದನ್ನು ಇಂದಿಗೂ ಬಂಗಲೋರ್ ಚೌಕ ಎಂದೇ ಕರೆಯುತ್ತಾರೆ. ಅದರ ಪಕ್ಕದಲ್ಲಿ ಜನಾಂಗಗಳ ಮೈತ್ರಿಯ ಹೆಸರಿನ ಉದ್ಯಾನವಿದೆ. ಕಳೆದ ದಶಕಗಳಲ್ಲಿ ಆ ದೇಶದ ವಿರೋಧ ಪಕ್ಷಗಳ ಸಭೆಗಳು ಅಲ್ಲಿಯೇ ನಡೆಯುತ್ತಿದ್ದುದರಿಂದ ನಮ್ಮ ಊರಿನ ಹೆಸರು ಅವರ ರಾಜಕೀಯ ಸುದ್ದಿಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಎಷ್ಟೋ ಸಾವಿರ ಕಿಲೋಮೀಟರ್ ದೂರದ ಜನ ತಮ್ಮ ಮನೆಯ ವಿಳಾಸ ಹೇಳುವಾಗ, ಬಸ್ಸಿನ ನಿಲ್ದಾಣ ಹೇಳುವಾಗ ನಮ್ಮ ಊರಿನ ಹೆಸರನ್ನು ಬಳಸುತ್ತಾರೆ ಎಂಬುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಆದರೆ ಅವರನ್ನು ನಾವು ಬಲ್ಲೆವೇ? ಸೋವಿಯತ್ ಕಾಲದಲ್ಲಿ ಕನಿಷ್ಠಪಕ್ಷ ಪುಸ್ತಕಗಳಿದ್ದವು. ಮಾಸ್ಕೋದಲ್ಲಿ ಅಚ್ಚಾಗಿ, ನವಕರ್ನಾಟಕದ ಮಳಿಗೆಗಳ ಮೂಲಕ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದ ಕನ್ನಡದ ಮಕ್ಕಳ ಪುಸ್ತಕಗಳನ್ನು ಓದಿ ಬೆಳೆದ ತಲೆಮಾರು ನಮ್ಮದು. ಆ ಪುಟಗಳ ಹಿಮ, ಬರ್ಚ್ ಮರ, ಅಜ್ಜಿಯರ ಒಲೆ ನಮಗೆ ಪರಿಚಿತವಾಗಿದ್ದವು. 1991ರ ನಂತರ ಅದೂ ನಿಂತಿತು. ಇನ್ನುಳಿದ ಸೋದರ ನಗರಗಳ ಪಟ್ಟಿಯೂ ಉದ್ದವಿದೆ: ಕ್ಲೀವ್‌ಲೆಂಡ್, ಸ್ಯಾನ್ ಫ್ರಾನ್ಸಿಸ್ಕೊ, ಚೆಂಗ್ಡು. ಆ ಪಟ್ಟಿ ಕಡತದಲ್ಲಿದೆ, ಕ್ಲೀವ್‌ಲೆಂಡಿನ ಕುಟುಂಬವೊಂದು ಜಯನಗರದ ಮನೆಯೊಂದರಲ್ಲಿ ವಾರವಿದ್ದು ಹೋಯಿತೆಂಬ ಮಾತನ್ನು ನಾನಂತೂ ಕೇಳಿಲ್ಲ. ಹುಬ್ಬಳ್ಳಿಯವರ ಕಡತದ ಮಾತು ಇಲ್ಲಿ ಅಕ್ಷರಶಃ ನಿಜ. ಕಾವೆಂಟ್ರಿಯಲ್ಲಿ ಹೆಸರು ಹೆಣೆದವರು ಮೊದಲು, ಸಹಿ ಆಮೇಲೆ ಎಂದಿರಿ. ನಮ್ಮಲ್ಲಿ ಸಹಿ ಬಿತ್ತು, ಹೆಣೆಯುವವರು ಬರಲೇ ಇಲ್ಲ.

ನಜರಬಾದಿನ ಓದುಗ

ಮೈಸೂರಿನವರ ಪರವಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಸೋದರ ನಗರ ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ. ಅದೇ ಸಿನ್ಸಿನಾಟಿ 1989ರಿಂದ ಉಕ್ರೇನಿನ ಖಾರ್ಕಿವ್ ನಗರಕ್ಕೂ ಸೋದರಿ. ಖಾರ್ಕಿವ್ ಎಂದರೆ ಕನ್ನಡಿಗರಿಗೆ ಈಗ ಬರೀ ಭೂಪಟದ ಹೆಸರಲ್ಲ. ನಮ್ಮ ಅನೇಕ ಮಕ್ಕಳು ಅಲ್ಲಿ ವೈದ್ಯಕೀಯ ಓದುತ್ತಿದ್ದರು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಆ ದಿನಗಳಲ್ಲಿ ಖಾರ್ಕಿವ್‌ನ ನೆರವಿಗೆ ನಿಂತವರಲ್ಲಿ ಸಿನ್ಸಿನಾಟಿಯವರೂ ಇದ್ದರು, 1990ರಿಂದ ಅದರ ಸೋದರ ನಗರವಾಗಿರುವ ಜರ್ಮನಿಯ ನ್ಯೂರೆಂಬರ್ಗ್‌ನವರೂ ಇದ್ದರು. ನ್ಯೂರೆಂಬರ್ಗ್ ಇರುವ ಬವೇರಿಯಾ ರಾಜ್ಯ 2007ರಿಂದ ಕರ್ನಾಟಕದ ಪಾಲುದಾರ ರಾಜ್ಯ. ಇಷ್ಟೆಲ್ಲ ದಾರಿಗಳು ನಮ್ಮ ಬಾಗಿಲವರೆಗೆ ಬಂದಿವೆ, ನಾವು ಹೊಸ್ತಿಲು ದಾಟಿಲ್ಲ.

ಶಿವಮೊಗ್ಗ ಮೇಷ್ಟ್ರು

ಉಕ್ರೇನಿನ ಪ್ರಸ್ತಾಪ ಬಂದದ್ದರಿಂದ ಮೊದಲ ಬರಹದವರಿಗೆ ನೇರವಾಗಿಯೇ ಒಂದು ಪ್ರಶ್ನೆ ಕೇಳುತ್ತೇನೆ. ಸರ್, ಆ ಮೇಜುಹಾಸು ಹೋದ ವೋಲ್ಗಾಗ್ರಾಡ್ ಜೊತೆಗಿನ ಸಂಬಂಧವನ್ನು ನಿಮ್ಮ ನಗರಸಭೆ 2022ರಲ್ಲಿ ತಡೆಹಿಡಿಯಿತಲ್ಲವೇ? ಶೀತಲ ಸಮರದ ಉದ್ದಕ್ಕೂ, ಕ್ಯೂಬಾ ಬಿಕ್ಕಟ್ಟಿನ ಕಾಲದಲ್ಲಿಯೂ, ಅಫ್ಘಾನಿಸ್ತಾನದ ಮೇಲಿನ ಸೋವಿಯತ್ ಆಕ್ರಮಣದ ಕಾಲದಲ್ಲಿಯೂ ಉಳಿದುಬಂದಿದ್ದ ನಂಟು ಅದು. ಅಮೆರಿಕದ ಷಿಕಾಗೊ ಕೂಡ ಮಾಸ್ಕೋ ಜೊತೆಗಿನ ಸಂಬಂಧವನ್ನು ಅದೇ ವರ್ಷ ನಿಲ್ಲಿಸಿತು. ಆದರೆ ಅಮೆರಿಕದ ಸೋದರ ನಗರಗಳ ಒಕ್ಕೂಟ, ಅಂದರೆ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಆರಂಭಿಸಿದ ಜನಸ್ನೇಹ ಯೋಜನೆಯಿಂದ ಬೆಳೆದ ಸಂಸ್ಥೆ, ಸಂಬಂಧಗಳನ್ನು ಕಡಿಯಬೇಡಿರೆಂದು ಮೇಯರ್‌ಗಳನ್ನು ಕೋರಿತು. ಜನರ ಸ್ನೇಹ ಸರಕಾರಗಳ ಜಗಳದಿಂದ ಹೊರಗಿರಬೇಕು ಎಂಬುದು ಈ ಪದ್ಧತಿಯ ಮೂಲತತ್ತ್ವವಾದರೆ, ಜಗಳ ಬಂದ ಕೂಡಲೇ ನಿಲ್ಲಿಸುವುದು ಸರಿಯೇ? ಇತಿಹಾಸ ಕಲಿಸುವವನಾಗಿ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ನಾಗಸಾಕಿ ಮತ್ತು ಅಮೆರಿಕದ ಸೇಂಟ್ ಪಾಲ್ ನಗರಗಳು ಸೋದರ ನಗರಗಳಾದದ್ದು 1955ರ ಡಿಸೆಂಬರ್ 7ರಂದು, ಜಪಾನ್ ಅಮೆರಿಕದ ಮೇಲೆ ನಡೆಸಿದ ಪರ್ಲ್ ಹಾರ್ಬರ್ ದಾಳಿಯ ವಾರ್ಷಿಕದ ದಿನ. ಅಣುಬಾಂಬು ಬಿದ್ದು ಹತ್ತು ವರ್ಷ ಆಗಿತ್ತಷ್ಟೇ.

ಕಾವೆಂಟ್ರಿ ಕನ್ನಡಿಗ

ಮೇಷ್ಟ್ರೇ, ನೀವು ಕೇಳಿದ್ದು ಈ ಊರಿನಲ್ಲಿ ಎಲ್ಲರೂ ತಮ್ಮಲ್ಲಿ ತಾವು ಕೇಳಿಕೊಂಡ ಪ್ರಶ್ನೆ. ಯಾವುದೇ ಸಡಿಲು ಮಾತಿಲ್ಲದೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಉಕ್ರೇನಿನ ನಗರಗಳ ಮೇಲೆ ಬಾಂಬು ಬೀಳುತ್ತಿರುವಾಗ ರಷ್ಯಾದ ನಗರಾಡಳಿತದ ಪ್ರತಿನಿಧಿಗಳನ್ನು ಕಾವೆಂಟ್ರಿಯ ಸಭಾಂಗಣದಲ್ಲಿ ಸನ್ಮಾನಿಸುವುದು, ಬಾಂಬಿನಿಂದ ಸುಟ್ಟ ಈ ಊರಿಗೆ ಸಾಧ್ಯವಿರಲಿಲ್ಲ. ಅಧಿಕೃತ ಸಂಬಂಧವನ್ನು ತಡೆಹಿಡಿದದ್ದನ್ನು ನಾನು ಒಪ್ಪುತ್ತೇನೆ. ಆದರೆ ಅಲ್ಲಿನ ಸಂಗ್ರಹಾಲಯದ ಗಾಜಿನ ಹಿಂದಿರುವ 830 ಹೆಸರುಗಳನ್ನು ಯಾವ ನಿರ್ಣಯವೂ ಹಿಂದಕ್ಕೆ ಕರೆಸಿಕೊಳ್ಳಲಾರದು, ಕರೆಸಿಕೊಳ್ಳಲೂಬಾರದು. ಅಲ್ಲಿನ ಸಾಮಾನ್ಯ ಜನ ಇವತ್ತು ಬಾಯಿಬಿಟ್ಟು ಮಾತನಾಡುವ ಸ್ಥಿತಿಯಲ್ಲಿಲ್ಲ. ಇಲ್ಲಿಂದ ಒಂದು ಖಾಸಗಿ ಪತ್ರ ಹೋದರೂ ಅದನ್ನು ಪಡೆದವರಿಗೆ ತೊಂದರೆಯಾದೀತೇ ಎಂದು ಯೋಚಿಸಿ ಬರೆಯಬೇಕಾದ ಕಾಲ ಇದು. ಇಂಥ ಕಾಲದಲ್ಲಿ ಮೌನವನ್ನು ಮರೆವು ಎಂದು ತಿಳಿಯಬಾರದು.

ಡ್ರೆಸ್ಡನ್ ಸಂಬಂಧದ ಮುಂದಿನ ಭಾಗವನ್ನು ಇಲ್ಲಿ ಹೇಳುವುದು ಸೂಕ್ತ. ಬಾಂಬು ದಾಳಿಯಲ್ಲಿ ಕುಸಿದ ಅಲ್ಲಿನ ಫ್ರಾವೆನ್‌ಕಿರ್ಕೆ ಚರ್ಚು ಪೂರ್ವ ಜರ್ಮನಿಯ ಕಾಲದ ಉದ್ದಕ್ಕೂ ಕಲ್ಲಿನ ಗುಡ್ಡೆಯಾಗಿಯೇ ಬಿದ್ದಿತ್ತು. ಜರ್ಮನಿ ಒಂದಾದ ಮೇಲೆ ಅದನ್ನು ಮತ್ತೆ ಕಟ್ಟಲು ಹೊರಟಾಗ ಬ್ರಿಟನ್ನಿನ ಜನ ಒಂದು ನಿಧಿ ಸ್ಥಾಪಿಸಿ ಹಣ ಕೂಡಿಸಿದರು. ಗುಮ್ಮಟದ ತುದಿಯ ಚಿನ್ನದ ಗೋಳ ಮತ್ತು ಶಿಲುಬೆ ಆ ಹಣದಿಂದ ಆದವು. ಅದರ ಕೆಲಸ ಮಾಡಿದ ಲಂಡನ್ನಿನ ಅಕ್ಕಸಾಲಿಗ ಅಲನ್ ಸ್ಮಿತ್, ಡ್ರೆಸ್ಡನ್ ಮೇಲೆ ಬಾಂಬು ಹಾಕಿದ ವಿಮಾನಚಾಲಕರಲ್ಲಿ ಒಬ್ಬರ ಮಗ. 2004ರಲ್ಲಿ ಶಿಲುಬೆಯನ್ನು ಗುಮ್ಮಟಕ್ಕೆ ಏರಿಸಿದರು, 2005ರ ಅಕ್ಟೋಬರ್ 30ರಂದು ಚರ್ಚು ಪ್ರತಿಷ್ಠೆಗೊಂಡಿತು. 1959ರಿಂದ 1989ರವರೆಗೆ ಆ ಸಂಬಂಧದಲ್ಲಿ ಎಷ್ಟೋ ವರ್ಷ ಬರೀ ಔಪಚಾರಿಕ ಪತ್ರಗಳಷ್ಟೇ ಓಡಾಡಿವೆ, ಆಳುವ ಪಕ್ಷದ ಅನುಮತಿಯಿಲ್ಲದೆ ಅಲ್ಲಿನವರು ಹೊರಗೆ ಕಾಲಿಡುವಂತಿರಲಿಲ್ಲ. ಆದರೂ 1965ರಲ್ಲಿ ಕಲ್ಲು ಹೊತ್ತವರನ್ನು ನೆನಪಿಟ್ಟುಕೊಂಡ ಡ್ರೆಸ್ಡನ್‌ನವರು ಇದ್ದರು. ಅದಕ್ಕಾಗಿಯೇ ವೋಲ್ಗಾಗ್ರಾಡ್ ವಿಷಯದಲ್ಲಿ ನಾನು ಪೂರ್ತಿ ಕೈಚೆಲ್ಲುವುದಿಲ್ಲ.

ಹುಬ್ಬಳ್ಳಿಯವ

ಥೇಮ್ಸ್ ದಡದ ಸೋದರಿಯ ಉತ್ತರ ನನ್ನ ಪ್ರಶ್ನೆಗೆ ತಕ್ಕ ಉತ್ತರ. ಪಡಿತರದ ಬ್ರೆಡ್ಡಿನ ಸಂಗತಿಯನ್ನು ಓದಿ ಸುಮ್ಮನೆ ಕೂತುಬಿಟ್ಟೆ. ಆದರೂ ನಮ್ಮಲ್ಲಿ ಇದು ನಡೆಯಬೇಕಾದರೆ ಎದುರಾಗುವ ತೊಡಕುಗಳನ್ನು ಹೇಳುವುದು ನನ್ನ ಕರ್ತವ್ಯ. ನಮ್ಮ ಪಾಲಿಕೆ, ಪುರಸಭೆಗಳು ವಿದೇಶಿ ಊರಿನೊಂದಿಗೆ ಒಪ್ಪಂದ ಮಾಡಿಕೊಳ್ಳಲು ವಿದೇಶಾಂಗ ಸಚಿವಾಲಯದ ಅನುಮತಿ ಬೇಕು. ಕಡತ ರಾಜ್ಯ ಸರಕಾರದ ಮೂಲಕ ದೆಹಲಿಗೆ ಹೋಗಿ ಬರಬೇಕು. ಫ್ರೆಂಚ್ ಹಳ್ಳಿಯ ಮೇಯರ್ ತನ್ನ ಊರಿನವರ ಮಾತು ಕೇಳಿ ತಾನೇ ನಿರ್ಧರಿಸಿದಂತೆ ನಮ್ಮವರು ನಿರ್ಧರಿಸಲಾರರು. ನಮ್ಮಲ್ಲಿ ಮೇಯರ್ ಅವಧಿ ಒಂದೇ ವರ್ಷವಿರುತ್ತಿತ್ತು, ಈ ವರ್ಷ ಹಾರ ಹಾಕಿಸಿಕೊಂಡವರು ಮುಂದಿನ ವರ್ಷ ಆ ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಇನ್ನು ವೀಸಾ. ಜರ್ಮನ್ ಕುಟುಂಬ ಹುಬ್ಬಳ್ಳಿಗೆ ಬರುವುದು ಸುಲಭ, ಹುಬ್ಬಳ್ಳಿಯ ಆಟೊ ಚಾಲಕನ ಕುಟುಂಬ ಜರ್ಮನಿಗೆ ಹೋಗಬೇಕೆಂದರೆ ಬ್ಯಾಂಕಿನ ಖಾತೆ ತೋರಿಸಬೇಕು. ಆತಿಥ್ಯದ ಸರದಿ ಎರಡೂ ಕಡೆ ಸಮನಾಗಿ ಬರದಿದ್ದರೆ ಅದು ಸ್ನೇಹವಾಗುವುದಿಲ್ಲ, ಪ್ರವಾಸವಾಗುತ್ತದೆ. ಈ ಅಸಮಾನತೆಗೆ ಯಾರ ಬಳಿಯಾದರೂ ಪರಿಹಾರವಿದೆಯೇ?

ನೆಕರ್ ತೀರ

ಹುಬ್ಬಳ್ಳಿಯವರೇ, ಪೂರ್ಣ ಪರಿಹಾರ ನನ್ನಲ್ಲಿಲ್ಲ. ಆದರೆ ಇಲ್ಲಿನ ಸಂಘಗಳು ಇಂಥ ಪರಿಸ್ಥಿತಿಯಲ್ಲಿ ಏನು ಮಾಡುತ್ತವೆಂದು ಹೇಳಬಲ್ಲೆ. ದಕ್ಷಿಣ ಜರ್ಮನಿಯ ಫ್ರೈಬುರ್ಗ್ 1989ರಿಂದ ಉಕ್ರೇನಿನ ಲ್ವಿವ್ ನಗರದ ಸೋದರ. ಸೋವಿಯತ್ ಕಾಲದಲ್ಲಿ ಆರಂಭವಾದ ಆ ಸಂಬಂಧದಲ್ಲಿ ಅಲ್ಲಿನವರು ಇಲ್ಲಿಗೆ ಬರುವುದು ಬಹಳ ಕಾಲ ಕಷ್ಟವಾಗಿಯೇ ಇತ್ತು, ಉಕ್ರೇನಿನವರಿಗೆ ವೀಸಾ ಇಲ್ಲದೆ ಬರಲು ಅವಕಾಶ ಸಿಕ್ಕಿದ್ದು 2017ರಲ್ಲಿ. ಅಲ್ಲಿಯವರೆಗೂ ಆಹ್ವಾನ ಪತ್ರ, ಪ್ರಯಾಣದ ಖರ್ಚು, ವಿಮೆಗಳಂಥ ಕೆಲಸಗಳನ್ನು ಅನುಕೂಲವಿದ್ದ ಕಡೆಯವರು ಹೊರಬೇಕಾಗುತ್ತಿತ್ತು. 2022ರ ಯುದ್ಧ ಬಂದಾಗ ಫ್ರೈಬುರ್ಗ್‌ನಿಂದ ಲ್ವಿವ್‌ಗೆ ನೆರವು ಬೇಗನೆ ಹೊರಟದ್ದಕ್ಕೆ ಕಾರಣ ಯಾರಿಗೆ ದೂರವಾಣಿ ಮಾಡಬೇಕೆಂದು ಮೊದಲೇ ಗೊತ್ತಿದ್ದದ್ದು. ಯಾವ ಆಸ್ಪತ್ರೆಗೆ ಏನು ಬೇಕು, ಲಾರಿಯನ್ನು ಬರಮಾಡಿಕೊಳ್ಳುವವರು ಯಾರು ಎಂಬುದನ್ನು ಯುದ್ಧ ಶುರುವಾದ ಮೇಲೆ ಹುಡುಕಬೇಕಾಗಿರಲಿಲ್ಲ.

ಅಸಮಾನತೆ ಇದ್ದರೂ ಶಾಲೆಗಳಿಂದ ಆರಂಭಿಸಬಹುದು. ಎರಡು ತರಗತಿಗಳು ತಿಂಗಳಿಗೊಮ್ಮೆ ಪತ್ರ ಬರೆಯುವುದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ. ಫ್ರೆಂಚ್–ಜರ್ಮನ್ ಜೋಡಿಗಳಲ್ಲಿ ಬಹಳಷ್ಟು ಶಿಕ್ಷಕರ ಪತ್ರಗಳಿಂದಲೇ ಹುಟ್ಟಿದವು.

ಕಬ್ಬನ್ ಪಾರ್ಕ್ ನಡಿಗೆ

ಶಾಲೆಯ ಸಲಹೆ ನನಗೆ ಹಿಡಿಸಿತು. ಬೆಲರೂಸ್ ಯುದ್ಧದಲ್ಲಿ ರಷ್ಯಾದ ಪರ ನಿಂತಿರುವುದು, ಅಲ್ಲಿ 2020ರ ನಂತರ ನಡೆದಿರುವ ದಮನ ನನಗೆ ತಿಳಿದಿದೆ. ಮೇಷ್ಟ್ರು ಎತ್ತಿದ ಪ್ರಶ್ನೆ ಮಿನ್ಸ್ಕ್‌ಗೂ ಅನ್ವಯಿಸುತ್ತದೆ. ಆದ್ದರಿಂದ ಪಾಲಿಕೆಯನ್ನಾಗಲಿ ರಾಯಭಾರ ಕಚೇರಿಯನ್ನಾಗಲಿ ಎಳೆತರದೆ, ಹತ್ತು ಹನ್ನೆರಡು ವರ್ಷದ ಮಕ್ಕಳ ಮಟ್ಟದಲ್ಲೇ ಇದನ್ನು ಇಡಬೇಕೆಂದು ನನ್ನ ಅಭಿಪ್ರಾಯ. ತಮ್ಮ ಬೀದಿ, ತಮ್ಮ ಊಟ, ತಮ್ಮ ಮಳೆ ಮತ್ತು ಅವರ ಹಿಮ, ಇವುಗಳ ಬಗ್ಗೆ ಚಿತ್ರ ಬರೆದು ಕಳಿಸಲಿ. ಬೆಲರೂಸಿನಲ್ಲಿ ವೈದ್ಯಕೀಯ ಓದಿದ ಅಥವಾ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳು ಈ ಬರಹವನ್ನು ಓದುತ್ತಿದ್ದರೆ ದಯವಿಟ್ಟು ಮುಂದೆ ಬನ್ನಿ. ಅಲ್ಲಿನ ಭಾಷೆ ಬಲ್ಲ, ಬಂಗಲೋರ್ ಚೌಕದ ಸುತ್ತಲಿನ ಶಾಲೆಗಳನ್ನು ಕಣ್ಣಾರೆ ಕಂಡ ಕನ್ನಡಿಗರು ನೀವೇ. ಒಬ್ಬ ಶಿಕ್ಷಕಿಯ ಪರಿಚಯ ಮಾಡಿಸಿಕೊಟ್ಟರೂ ಸಾಕು, ಇಲ್ಲಿನ ಕಡೆಯಿಂದ ಸರಕಾರಿ ಕನ್ನಡ ಶಾಲೆಯೊಂದನ್ನು ಒಪ್ಪಿಸುವ ಹೊಣೆ ನನ್ನದು.

ಥೇಮ್ಸ್ ದಡದವಳು

ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಲು ಜನ ಬೇಕಾದರೆ ನನ್ನನ್ನು ಸೇರಿಸಿಕೊಳ್ಳಿ. ಒಂದು ವಿನಂತಿ: ಮಕ್ಕಳ ಹೆಸರು ಮತ್ತು ಶಾಲೆಯ ವಿಳಾಸವನ್ನು ಇಲ್ಲಿ ಸಾರ್ವಜನಿಕವಾಗಿ ಹಾಕಬೇಡಿ, ಪರಸ್ಪರ ಖಾಸಗಿ ಸಂದೇಶದಲ್ಲಿ ಕಳಿಸಿಕೊಳ್ಳೋಣ. ಮೂಲ ಪತ್ರ ಕನ್ನಡದಲ್ಲೇ ಹೋಗಲಿ, ಅನುವಾದ ಅದರ ಹಿಂದೆ ಪಿನ್ ಮಾಡಿರಲಿ.

ಹುಬ್ಬಳ್ಳಿಯವ

ಅಂಚೆ ಖರ್ಚಿಗೆ ಪಾಲಿಕೆಯ ಕಡೆ ನೋಡಬೇಡಿ. ಮೊದಲ ವರ್ಷದ್ದನ್ನು ನಾನು ಕೊಡುತ್ತೇನೆ. ಲೆಕ್ಕ ಮಾತ್ರ ಪ್ರತಿ ಮೂರು ತಿಂಗಳಿಗೊಮ್ಮೆ ಇಲ್ಲಿಯೇ ಬರೆಯಿರಿ.